ಸುಭದ್ರಾ ಅವರ ಕ್ಯೂ ಯಾರು ಮುಟ್ಟಿದರು?

ಸುಭದ್ರಾ ರೈಲ್ವೆಯ ಸಿಗ್ನಲ್ ವಿಭಾಗದವರು. ಧಾರವಾಡ ಬಿಟ್ಟು ಕೋಲ್ಕತ್ತಕ್ಕೆ ಬಂದು ಹದಿನೆಂಟು ವರ್ಷವಾಯಿತು. ಯಾರಾದರೂ ‘ಎಲ್ಲಾ ಸರಿಯಿದೆ ಮೇಡಂ’ ಎಂದರೆ, ತಾವೇ ಹೋಗಿ ನೋಡುವವರೆಗೆ ಅವರು ನಂಬುವುದಿಲ್ಲ. ಈ ಸ್ವಭಾವ ಕೆಲಸದಲ್ಲಿ ಒಳ್ಳೆಯ ಹೆಸರು ತಂದಿತ್ತು. ಬಿಲಿಯರ್ಡ್ಸ್‌ನಂಥ ಪೂಲ್ ಆಟದಲ್ಲಿ ತಂದದ್ದು ಬೇರೆ.

ಆಫೀಸು ಮುಗಿಸಿ ಲೇಕ್ ಗಾರ್ಡನ್ಸ್‌ನ ಮನೆಗೆ ಹೋಗುವ ಮೊದಲು ಜಾದವ್‌ಪುರದ ಪೂಲ್ ಹಾಲ್‌ನಲ್ಲಿ ಒಂದು ತಾಸು ಅಭ್ಯಾಸ. ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿ ಅದು. ಮೊದಲ ವರ್ಷ ಬರಿಗೈಯಲ್ಲೇ ಹೋಗುತ್ತಿದ್ದರು. ಹಾಲ್‌ನ ಕ್ಯೂಗಳ, ಅಂದರೆ ಚೆಂಡು ಹೊಡೆಯುವ ಕೋಲುಗಳ, ತುದಿಯ ಚರ್ಮ ಚಪ್ಪಟೆಯಾಗಿ ಚೆಂಡಿನ ಮೇಲೆ ಜಾರುತ್ತಿತ್ತು. ಹಾಗಾಗಿ ಎರಡು ತುಂಡಾಗಿ ಬಿಚ್ಚಿಡಬಹುದಾದ ಸ್ವಂತ ಕ್ಯೂ ಕೊಂಡರು. ತುದಿಗೆ ಹಚ್ಚುವ ಅಲ್ಲಿನ ಚಾಕ್ ಮಳೆಗಾಲದಲ್ಲಿ ಮೆತ್ತಗಾಗುತ್ತದೆಂದು ಸ್ವಂತ ಚಾಕ್ ಬಂತು. ಬೆವರಿದ ಕೈಗೆ ಕೋಲು ಅಂಟುತ್ತದೆಂದು ಮೂರು ಬೆರಳಿನ ಗ್ಲೌಸ್, ಒರೆಸಲು ಹಳೇ ಪಂಚೆಯ ತುಂಡು, ತುದಿ ತಿಕ್ಕಲು ಸ್ಯಾಂಡ್‌ಪೇಪರ್. ಎಲ್ಲವನ್ನೂ ಹಾಲ್‌ನ ಲಾಕರ್‌ನಲ್ಲೇ ಇಡುತ್ತಿದ್ದರು.

ಹೋದ ವರ್ಷ ದುರ್ಗಾಪೂಜೆ ಮುಗಿದ ವಾರದಿಂದ ಅವರ ಚೆಂಡು ಮೇಜಂಚಿನ ತೂತಿಗೆ ಬೀಳುವುದೇ ನಿಂತಿತು. ನೇರ ಹೊಡೆತವೂ ಆ ಪಾಕೆಟ್ಟಿನ ಅಂಚಿಗೆ ಬಡಿದು ವಾಪಸು ಬರುತ್ತಿತ್ತು. ದಿನಾ ಜೊತೆಗೆ ಆಡುತ್ತಿದ್ದ ನಿವೃತ್ತ ಭೂಗೋಳ ಮಾಸ್ತರು ಸಾಮಂತ ಅದೇ ವಾರದಿಂದ ಗೆಲ್ಲತೊಡಗಿದರು. ಹಿಂದೊಮ್ಮೆ ಅವರು ಈ ಕ್ಯೂ ಎತ್ತಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದ್ದು ಸುಭದ್ರಾಗೆ ನೆನಪಾಯಿತು.

“ಯಾರೋ ನನ್ನ ಕ್ಯೂ ಮುಟ್ಯಾರ್ರೀ,” ಎಂದರು ಗಂಡ ಓಂಕಾರಪ್ಪನವರಿಗೆ.

“ಮುಟ್ಟಿ ಏನ್ ಮಾಡ್ತಾರ?”

“ಬಿಸಲಾಗ ಇಟ್ರ ಸಾಕು, ಸೊಟ್ಟ ಆಗ್ತದ. ಆ ಸಾಮಂತರ ಮ್ಯಾಲೇ ನನಗ ಸಂಶಯ.”

“ಆ ಮಾಸ್ತರು ಛಲೋ ಮನಷಾ. ಹಬ್ಬಕ್ಕ ಮನೀಗೆ ಬಂದು ಸಂದೇಶ್ ಮಿಠಾಯಿ ಕೊಟ್ಟು ಹೋದ್ರಲ್ಲ.”

“ಅದ ಮತ್ತ! ಯಾಕ ಕೊಟ್ರು?”

ಮರುದಿನ ಲಾಕರ್‌ನ ಚಿಲಕಕ್ಕೆ ತೆಳ್ಳನೆ ಬಿಳಿ ದಾರ ಸುತ್ತಿ ಬಂದರು. ಎರಡು ದಿನ ಬಿಟ್ಟು ನೋಡಿದರೆ ದಾರ ಹರಿದಿತ್ತು. ಸಾಮಂತ ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿಯುತ್ತಿದ್ದರು. ಸುಭದ್ರಾ ನೇರ ಹೋಗಿ ಹಿಂದಿಯಲ್ಲಿ ಕೇಳಿದರು:

“ದಾದಾ, ನನ್ನ ಲಾಕರ್ ತೆಗೆದಿದ್ದೀರಾ?”

“ನಾನಾ? ನನಗ್ಯಾಕೆ ದಿದಿ ನಿಮ್ಮ ಲಾಕರ್?”

“ಹಾಗಾದರೆ ದಾರ ಯಾರು ಹರಿದರು?”

ಪಕ್ಕದ ಮೇಜಿನವರು ಆಟ ನಿಲ್ಲಿಸಿ ನೋಡಿದರು. ಸಾಮಂತ ಅರ್ಧ ಚಹಾ ಬಿಟ್ಟು ಇಳಿದು ಹೋದರು. ಜಿರಲೆ ಔಷಧಿ ಹೊಡೆಯಲು ಲಾಕರ್‌ಗಳನ್ನೆಲ್ಲ ತಾನೇ ತೆಗೆದದ್ದೆಂದು ಹಾಲ್‌ನ ಮಾಲೀಕ ತಪನ್ ಹೇಳಿದ. ಸುಭದ್ರಾ ಅರ್ಧ ನಂಬಿದರು. ತಪನ್, ಸಾಮಂತ ಇಪ್ಪತ್ತು ವರ್ಷದ ಸ್ನೇಹಿತರಲ್ಲವೇ?

ಅಂದಿನಿಂದ ಎಲ್ಲ ಸಾಮಾನು ಅವರ ಹೆಗಲ ಮೇಲೆಯೇ. ಶೇರ್ ಆಟೋದಲ್ಲಿ ಆ ಉದ್ದನೆಯ ಚೀಲಕ್ಕೆ ಜನ ಗೊಣಗುತ್ತಿದ್ದರು. ಮೇಜು ಸಮವಾಗಿದೆಯೇ ಎಂದು ನೋಡಲು ಒಂದು ರಸಮಟ್ಟವೂ ಚೀಲ ಸೇರಿತು. ಅದರ ಗುಳ್ಳೆ ನಟ್ಟನಡುವೆ ನಿಂತಿತು. ಕ್ಯೂ ಮೇಜಿನ ಮೇಲೆ ಉರುಳಿಸಿದರು, ನೆಟ್ಟಗೇ ಉರುಳಿತು. ಚೆಂಡು ಮಾತ್ರ ಬೀಳಲಿಲ್ಲ. ಇನ್ನು ಸಂಶಯಪಡಲು ಯಾವುದೂ ಉಳಿದಿರಲಿಲ್ಲ.

ಒಂಬತ್ತು ದಿನದ ಮೇಲೆ ಸಾಮಂತ ಮತ್ತೆ ಬಂದರು. ಇವರ ಮೇಜಿಗೆ ಬರದೆ ದೂರ ಕೂತು ನೋಡುತ್ತಿದ್ದರು. ಕೊನೆಗೆ ಎದ್ದು ಬಂದು ಕೇಳಿದರು:

“ದಿದಿ, ಈ ಕನ್ನಡಕ ಯಾವಾಗ ಮಾಡಿಸಿದ್ದು?”

“ಪೂಜೆಯ ಹೊತ್ತಿಗೆ. ಯಾಕೆ?”

“ತೆಗೆದಿಟ್ಟು ಒಂದು ಹೊಡೆಯಿರಿ.”

ನಾಲ್ಕು ಜನರ ಮುಂದೆ ತಮ್ಮನ್ನು ನಗೆಪಾಟಲು ಮಾಡಲು ಹೀಗೆ ಹೇಳುತ್ತಿದ್ದಾರೆ ಎಂದುಕೊಂಡರು ಸುಭದ್ರಾ. ಆದರೂ ತೆಗೆದಿಟ್ಟರು. ಹಳದಿ ಚೆಂಡು ಮಸುಕಾಗಿ ಕಂಡಿತು. ಹೊಡೆದರು. ಬಿತ್ತು. ಇನ್ನೊಂದು ಹೊಡೆದರು, ಅದೂ ಬಿತ್ತು.

ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿನ ಹೊಸ ಕನ್ನಡಕ ಅದು. ಬಾಗಿ ಗುರಿ ನೋಡುವಾಗ ದೃಷ್ಟಿ ಗಾಜಿನ ಮೇಲಂಚಿನಿಂದ ಹಾಯುತ್ತಿತ್ತು. ಅಲ್ಲಿ ನೇರ ಗೆರೆಯೂ ಓರೆಯಾಗಿ ಕಾಣುತ್ತಿತ್ತು. ಸುಭದ್ರಾ ಶನಿವಾರವೇ ಎಸ್ಪ್ಲನೇಡ್‌ನ ಅಂಗಡಿಗೆ ಹೋಗಿ, ಫ್ರೇಮು ಎತ್ತರದಲ್ಲಿ ಕೂರುವಂಥ ಇನ್ನೊಂದು ಕನ್ನಡಕವನ್ನು ಆಟಕ್ಕೆಂದೇ ಮಾಡಿಸಿದರು.

“ತಪ್ಪಾಯಿತು ದಾದಾ,” ಎಂದು ಹಾಲ್‌ನಲ್ಲಿ ಎಲ್ಲರೆದುರೇ ಹೇಳಿದರು.

“ಇರಲಿ ಬಿಡಿ,” ಎಂದರು ಸಾಮಂತ.

ಈಗ ಇಬ್ಬರೂ ಮತ್ತೆ ಒಟ್ಟಿಗೆ ಆಡುತ್ತಾರೆ. ಆದರೆ ಚಹಾಕ್ಕೆಂದು ಕೆಳಗಿಳಿಯುವಾಗ ಸಾಮಂತ ತಮ್ಮ ಕ್ಯೂ ಜೊತೆಗೇ ಒಯ್ಯುತ್ತಾರೆ. ಮೊದಲು ಹಾಗೆ ಮಾಡುತ್ತಿರಲಿಲ್ಲ. ಇದನ್ನು ಸುಭದ್ರಾ ಓಂಕಾರಪ್ಪನವರಿಗೂ ಹೇಳಿಲ್ಲ.