ಅಜ್ಜನಿಗೆ ಓದಿ ಹೇಳದ ಅರ್ಥ

ಮೊನ್ನೆ ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಹೋಗುತ್ತಿದ್ದೆ. ಯಾರದೋ ಹಿತ್ತಲಿನಿಂದ ರೇಷ್ಮೆ ಬೇಯಿಸುವ ವಾಸನೆ ಬಂತು. ಅದೇ ಬೀದಿಯಲ್ಲಿ ರೇಷ್ಮೆಗೆ ಬಣ್ಣ ಹಾಕುತ್ತಿದ್ದ, ಎಲ್ಲರೂ ಅಜ್ಜ ಎಂದೇ ಕರೆಯುತ್ತಿದ್ದ ಮುದುಕ ನೆನಪಾದ... ಹಿಂದೆಯೇ ನನ್ನ ಮೇಲೆ ನನಗೇ ಸಿಟ್ಟು ಬಂತು.

ಚಳ್ಳಕೆರೆಗೆ ಎತ್ತಿನ ಗಾಡಿಯಲ್ಲೇ ಹೋಗಬೇಕಿದ್ದ ಕಾಲ. ನಾನು ಆಗ ಮೊಳಕಾಲ್ಮೂರಿನಲ್ಲಿ ಶಾಲೆ ಮೇಷ್ಟ್ರು. ಆ ಬೀದಿಗೆಲ್ಲ ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದುತ್ತಿದ್ದವನು ನಾನೊಬ್ಬನೇ. ಅಜ್ಜನಿಗೆ ಕೆಲಸ ಕೊಡುತ್ತಿದ್ದ ಸೀರೆ ಸಾಹುಕಾರರು ಒಂದು ದಿನ ಮದ್ರಾಸಿನ ವ್ಯಾಪಾರಿಯ ಕಾಗದ ತಂದುಕೊಟ್ಟರು. ಕೆಂಪು ಸೀರೆಗಳು ಬೇಕು, ಬಣ್ಣ 'ಫಾಸ್ಟ್' ಆಗಿರಬೇಕು ಎಂದಿತ್ತು. ನಿಘಂಟು ತೆರೆದೆ. ಉಪವಾಸ, ಬೇಗ, ಭದ್ರ... ಬಣ್ಣಕ್ಕೆಂಥ ಉಪವಾಸ? ಭದ್ರ ಎನ್ನುವುದು ಬಾಗಿಲಿಗೆ, ಗಂಟಿಗೆ ಹೇಳುವ ಮಾತು. ಅರ್ಧ ದಿನ ತಲೆ ಕೆಡಿಸಿಕೊಂಡು, ಕೊನೆಗೆ ಬೇಸತ್ತು, ಬಣ್ಣ ಬೇಗ ಆಗಬೇಕಂತೆ ಎಂದುಬಿಟ್ಟೆ.

ಅಜ್ಜ ಒಪ್ಪಲಿಲ್ಲ. "ಮೂರು ದಿನ ನೆನೀದೆ ಕೆಂಪು ನಿಲ್ಲಾಕಿಲ್ಲ ಮೇಷ್ಟ್ರೇ. ಇನ್ನೊಂದ್ ಕಿತ ಓದ್ರಿ" ಎಂದ.

"ಎಷ್ಟು ಸಲ ಓದಿದ್ರೂ ಅದೇ ಐತೆ ಅಜ್ಜ" ಎಂದು ರೇಗಿದೆ. ಉಳಿದೆರಡು ಅರ್ಥಗಳ ಬಗ್ಗೆ ಬಾಯಿಬಿಡಲಿಲ್ಲ. ಮೇಷ್ಟ್ರಿಗೇ ಗೊತ್ತಿಲ್ಲ ಅಂದುಕೊಂಡಾನು ಎಂಬ ಅಳುಕು... ಸಾಹುಕಾರರೂ ಅವಸರ ಮಾಡಿದರು. ಅಜ್ಜ ಗೊಣಗುತ್ತಲೇ ಒಂದೇ ದಿನದಲ್ಲಿ ಬಣ್ಣ ಮುಗಿಸಿದ.

ಕೆಲವು ತಿಂಗಳಿಗೆ ಸೀರೆಗಳೆಲ್ಲ ವಾಪಸ್ಸು ಬಂದವು. ನೀರು ಸೋಕಿದರೆ ಸಾಕು, ಕೆಂಪು ಇಳಿಯುತ್ತಿತ್ತು. ಸಾಹುಕಾರರು ಅಜ್ಜನನ್ನು ಕೆಲಸದಿಂದ ಬಿಡಿಸಿದರು. ನಾನು ಚಳ್ಳಕೆರೆಗೆ ಹೋಗಿ, ಇಂಗ್ಲಿಷ್ ಚೆನ್ನಾಗಿ ಬಲ್ಲ ಗುಮಾಸ್ತರೊಬ್ಬರಿಗೆ ಆ ಕಾಗದ ತೋರಿಸಿದೆ. "ಬಣ್ಣ ಬಿಡಬಾರ್ದು, ಗಟ್ಟಿಯಾಗಿ ನಿಲ್ಬೇಕು ಅಂತ ಬರ್ದೈತಲ್ರೀ" ಎಂದರು. ಗಾಡಿಯಲ್ಲಿ ವಾಪಸ್ಸು ಬರುವಾಗ ದಾರಿಯುದ್ದಕ್ಕೂ ನಿಘಂಟು ಬರೆದವನನ್ನು ಬೈದೆ. ಬೈದು ಏನು ಬಂತು?

ನೇರ ಸಾಹುಕಾರರ ಮನೆಗೆ ಹೋಗಿ ತಪ್ಪು ನನ್ನದೆಂದು ಹೇಳಿದೆ. "ಬಣ್ಣ ಹಾಕಿದ ಕೈ ಅವನ್ದೇ ಅಲ್ವೇನ್ರೀ" ಎಂದು ಎದ್ದು ಒಳಗೆ ಹೋದರು.

ಅಜ್ಜನಿಗೂ ಹೇಳಿದೆ, ನಿಘಂಟಿನಲ್ಲಿ ಕಂಡಿದ್ದ ಮೂರು ಅರ್ಥಗಳನ್ನೂ ಬಿಡದೆ. "ಭದ್ರ ಅಂತ ಒಂದ್ ಮಾತು ಅಂದಿದ್ರೆ ನಂಗೆ ತಿಳೀತಿತ್ತಲ್ರೀ ಮೇಷ್ಟ್ರೇ" ಎಂದ. ಆಮೇಲೆ ಅವನು ಬಣ್ಣದ ಹಂಡೆಯನ್ನು ಒಲೆಗೆ ಏರಿಸಲೇ ಇಲ್ಲ. ಕಡಲೆಕಾಯಿ ಕೀಳುವ ಕೂಲಿಗೆ ಹೋಗತೊಡಗಿದ.

ಅಜ್ಜ ತೀರಿಕೊಂಡು ಎಷ್ಟೋ ವರ್ಷವಾಯಿತು. ಈಗ ಬಣ್ಣ ಪುಡಿಯಾಗಿ ಡಬ್ಬಿಯಲ್ಲಿ ಬರುತ್ತದೆ. ಆ ಮೂರು ದಿನ ಅವನು ಏನೇನು ಮಾಡುತ್ತಿದ್ದನೆಂದು ಹೇಳುವವರು ಬೀದಿಯಲ್ಲಿ ಯಾರೂ ಉಳಿದಿಲ್ಲ. ಕೇಳಿ ಬರೆದಿಡಬಲ್ಲವನು ನಾನಿದ್ದೆ. ನಾನೂ ಕೇಳಲಿಲ್ಲ.