ಕರೆಂಟು ಹುಡುಕಿಕೊಂಡು ಹೋದ ಖೀಮಾ ಉಂಡೆ

ನಮ್ಮ ಶಾಲೆಯ ಆಯಾ ದುಂಡಮ್ಮ ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ, ಸೀಯಿಸದೆ ಅಡುಗೆ ಮಾಡಿದ್ದನ್ನೂ ಕಂಡಿಲ್ಲ. ಒಂದೇ ಒಂದು ಸಲ ಬಿಟ್ಟು. ಆ ಒಂದು ಸಲ ನಾನು ಅವಳ ಪಕ್ಕದಲ್ಲೇ ಇದ್ದೆ. ಹಾಗಾಗಿ ಕಲಬುರಗಿಯಲ್ಲಿ ಯಾರು ಏನೇ ಅಂದರೂ ನನ್ನ ಮಾತನ್ನೇ ನಂಬಬೇಕು.

ಅಡುಗೆ ಸೀಯುತ್ತಿದ್ದದ್ದು ಅವಳ ಕೈಯ ತಪ್ಪಿನಿಂದಲ್ಲ, ಬಾಯಿಯಿಂದ. ಬೇಳೆ ಇಟ್ಟು ಬಾಗಿಲಿಗೆ ಬಂದರೆ ಮುಗಿಯಿತು. ಓಣಿಯಲ್ಲಿ ಹಾಯುವ ಮಂದಿಯನ್ನೆಲ್ಲ ನಿಲ್ಲಿಸಿ, ಯಾರ ಮಗಳ ಹೆರಿಗೆ ಯಾವಾಗ, ಯಾರ ಎಮ್ಮೆ ಎಷ್ಟು ಹಾಲು ಹಿಂಡುತ್ತದೆ ಎಂದು ವಿಚಾರಿಸಿ ಒಳಗೆ ಹೋಗುವಷ್ಟರಲ್ಲಿ ಬೇಳೆ ಕರ್ರಗಾಗಿರುತ್ತಿತ್ತು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುತ್ತಾರೆ. ದುಂಡಮ್ಮನ ಒಲೆಯಲ್ಲಿ ತೂತು ಇರಲಿಲ್ಲ, ಎರಡೂ ಕೆಲಸವನ್ನು ಮಾತೊಂದೇ ಮಾಡುತ್ತಿತ್ತು. ಅವಳ ಗಂಡ ಚಂದ್ರಶಾ ಗೋದಾಮಿನ ವಾಚ್‌ಮನ್, ದೇವರಂಥ ಮನುಷ್ಯ. ಇಪ್ಪತ್ತು ವರ್ಷ ಸೀದದ್ದನ್ನೇ ಉಂಡು, ಒಮ್ಮೆ ನಮ್ಮ ಹೆಡ್‌ಮಿಸ್ಟ್ರೆಸ್ ಮಗಳ ಮದುವೆಯಲ್ಲಿ ಬಿಳಿ ಅನ್ನ ಕಂಡು, ಇದು ಬೆಂದಿದೆಯೋ ಇಲ್ಲವೋ ಎಂದು ನನ್ನನ್ನು ಮೆಲ್ಲಗೆ ಕೇಳಿದ್ದ.

ನಗುವ ಮಾತೇ. ಆದರೆ ಈ ಸೀಯಿಸುವಿಕೆಯಿಂದಲೇ ಅವಳು ತವರು ಕಳೆದುಕೊಂಡಿದ್ದಳು.

ತವರು ಕಮಲಾಪುರ. ಅಣ್ಣ ಕಾಶಿರಾಯ ಅಲ್ಲಿ ಬಾಳೆ ಬೆಳೆಯುವ ರೈತ. ಅವನ ಮಗನ ತೊಟ್ಟಿಲ ದಿನ ಇನ್ನೂರು ಮಂದಿಗೆ ಗೋಧಿ ಹುಗ್ಗಿ ಮಾಡುವ ಜವಾಬ್ದಾರಿಯನ್ನು ತಂಗಿಗೆ ಕೊಟ್ಟರು. ಕೊಟ್ಟವರಿಗೆ ಬುದ್ಧಿ ಇರಲಿಲ್ಲ ಅನ್ನಬೇಕು. ಕೊಪ್ಪರಿಗೆಯ ತಳ ಹಿಡಿದ ವಾಸನೆ ಪಂಕ್ತಿಯ ತುದಿಯವರೆಗೆ ಹೋಯಿತು. ಕಾಶಿರಾಯ ಎಲ್ಲರೆದುರು, "ನಮ್ಮ ದುಂಡವ್ವನ ಕೈಯಾಗ ಬರೇ ನೀರು ಕೊಟ್ರೂ ಸೀಸ್ತಾಳ" ಅಂದ. ಇನ್ನೂರು ಮಂದಿ ನಕ್ಕರು. ದುಂಡಮ್ಮ ಸೌಟು ಅಲ್ಲೇ ಬಿಟ್ಟು, ನೀನು ನನ್ನ ಬಾಗಿಲಿಗೆ ಬಂದು, ನನ್ನ ಕೈಯ ಅಡುಗೆ ಉಂಡು, ಇನ್ನಷ್ಟು ಹಾಕು ಅನ್ನುವವರೆಗೆ ನಿನ್ನ ಹೊಸ್ತಿಲು ತುಳಿಯುವುದಿಲ್ಲ ಎಂದು ಹೇಳಿ ಬಸ್ಸು ಹತ್ತಿದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ, ಇವಳದ್ದು ಹುಗ್ಗಿಗೆ ಹೋಗಿತ್ತು.

ಒಂಬತ್ತು ವರ್ಷ ಹಾಗೇ ಹೋಯಿತು. ನಮ್ಮ ಕಡೆ ನಾಗರಪಂಚಮಿಗೆ ಅಣ್ಣತಮ್ಮಂದಿರು ಬಂದು ಹೆಣ್ಣುಮಕ್ಕಳನ್ನು ತವರಿಗೆ ಕರೆದುಕೊಂಡು ಹೋಗುತ್ತಾರೆ. ಪ್ರತಿ ಪಂಚಮಿಗೂ ದುಂಡಮ್ಮ ಮೂರು ದಿನದ ರಜೆ ಕೇಳುತ್ತಿದ್ದಳು. ತಲೆ ಬಾಚಿ, ಸೀರೆಯ ಗಂಟು ಕಟ್ಟಿ ಬಾಗಿಲಲ್ಲಿ ಕೂರುತ್ತಿದ್ದಳು. ಮರುದಿನ ಮುಖ ಗಡಿಗೆಯಷ್ಟು ಮಾಡಿಕೊಂಡು ಕೆಲಸಕ್ಕೆ ಬರುತ್ತಿದ್ದಳು. ಕಾಶಿರಾಯನನ್ನು ನಾನು ಕಂಡೇ ಇರಲಿಲ್ಲ, ಆದರೂ ಅವನ ಮೇಲೆ ನನಗೆ ಕೆಟ್ಟ ಸಿಟ್ಟಿತ್ತು.

ಹೀಗಿರುವಾಗ, ತೊಂಬತ್ತೊಂಬತ್ತನೇ ಇಸವಿಯಲ್ಲಿ, ಕಲಬುರಗಿಯ ರೋಜಾ ಬಡಾವಣೆಯ ಆ ಓಣಿಯಲ್ಲಿ ದುಂಡಮ್ಮನ ಪಕ್ಕದ ಮನೆಯ ಲತೀಫಾಳ ಗಂಡ ಸೌದಿಯಿಂದ ಒಂದು ಕರೆಂಟಿನ ಪಾತ್ರೆ ತಂದ. ಉಪ್ಪಿನಕಾಯಿ ಭರಣಿಯಷ್ಟು ದಪ್ಪ, ಮೇಲೆ ಗಾಜಿನ ಮುಚ್ಚಳ. ಬೆಳಿಗ್ಗೆ ತುಂಬಿ ಇಟ್ಟರೆ ಸಂಜೆಗೆ ತಾನೇ ಬೇಯುತ್ತದೆ, ತಳ ಹಿಡಿಯುವುದಿಲ್ಲ, ಪಕ್ಕದಲ್ಲಿ ಯಾರೂ ನಿಲ್ಲಬೇಕಾಗಿಲ್ಲ. ಲತೀಫಾ ಅದನ್ನು ಕಪಾಟಿನ ಮೇಲಿಟ್ಟು ಮರೆತಿದ್ದಳು, ಅಷ್ಟು ಹೊತ್ತು ಯಾರು ಕಾಯುತ್ತಾರೆ ಎಂದು. ದುಂಡಮ್ಮ ಮಾತ್ರ, ಯಾರೂ ನಿಲ್ಲಬೇಕಾಗಿಲ್ಲ ಎಂಬ ಮಾತು ಕೇಳಿದ್ದೇ, ಪಾತ್ರೆಗೆ ಕೈಮುಗಿದಳು. ಅದೇ ದಿನ ಕಮಲಾಪುರದಿಂದ ಬಾಳೆಹಣ್ಣು ಮಾರಲು ಬಂದವನ ಕೈಯಲ್ಲಿ ಅಣ್ಣನಿಗೆ ಹೇಳಿ ಕಳಿಸಿದಳು: ಬರುವ ರವಿವಾರ ಸಂಜೆ ಊಟಕ್ಕೆ ಬಾ, ಸೀದಿರುವುದಿಲ್ಲ. ಅವನ ಕೈಯಲ್ಲೇ ಉತ್ತರ ಬಂತು: ನಾಲ್ಕರ ಬಸ್ಸಿಗೆ ಹೊರಡುತ್ತೇನೆ, ಸೀದಿದ್ದರೆ ಅದೇ ಬಸ್ಸಿಗೆ ತಿರುಗುತ್ತೇನೆ.

ಪಾತ್ರೆಯ ಜೊತೆ ಒಂದು ಪುಸ್ತಿಕೆ ಇತ್ತು, ಇಂಗ್ಲಿಷಿನಲ್ಲಿ. ಇಲ್ಲಿಗೆ ನನ್ನ ಪ್ರವೇಶ. ನಾನು ಶಾಲೆಯ ಇಂಗ್ಲಿಷ್ ಟೀಚರು ಇಂದೂಬಾಯಿ, ಬೆಳ್ಳುಳ್ಳಿಯನ್ನೂ ಹೊಸ್ತಿಲೊಳಗೆ ಬಿಡದ ವೈಷ್ಣವರ ಮನೆಯವಳು. ದುಂಡಮ್ಮ ಪುಸ್ತಿಕೆ ತಿರುವಿ ತಿರುವಿ ಒಂದು ಚಿತ್ರದ ಮೇಲೆ ಬೆರಳಿಟ್ಟಳು. ಕೆಂಪು ಸಾರಿನಲ್ಲಿ ಮಾಂಸದ ಉಂಡೆ, ಕೆಳಗೆ ಉದ್ದುದ್ದ ಎಳೆ. ಇವು ನಮ್ಮ ಖೀಮಾ ಉಂಡೆ, ಇದು ನಮ್ಮ ಗೋಧಿ ಶಾವಿಗೆ, ಸೌದಿಯವರಿಗೆ ಎಲ್ಲಿಂದ ಗೊತ್ತಾಯಿತು ಎಂದು ಆಶ್ಚರ್ಯಪಟ್ಟಳು. ನಾನು ಮಾಂಸವನ್ನು ಜನ್ಮದಲ್ಲಿ ಮುಟ್ಟಿದವಳಲ್ಲ. ಅದನ್ನು ಲಿಂಬೆಕಾಯಿಯಷ್ಟು ಗಾತ್ರದ ಉಂಡೆ ಮಾಡುವುದು ಹೇಗೆ ಎಂದು ಗಟ್ಟಿ ದನಿಯಲ್ಲಿ ಓದಿ ಹೇಳಿದೆ, ಶ್ರೀಹರಿ ಕ್ಷಮಿಸಲಿ.

ರವಿವಾರ ಬೆಳಿಗ್ಗೆ ಎಂಟಕ್ಕೆ ನಾನು ದುಂಡಮ್ಮನ ಮನೆಯ ಬಾಗಿಲಿನಾಚೆ ಕುರ್ಚಿ ಹಾಕಿ ಕುಳಿತೆ. ಖಾಜಾನ ಅಂಗಡಿಯಿಂದ ತಂದ ಎರಡು ಸಲ ರುಬ್ಬಿದ ಖೀಮಾಕ್ಕೆ ದುಂಡಮ್ಮ ಉಳ್ಳಾಗಡ್ಡಿ, ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ, ಖಾರ, ಪುಟಾಣಿ ಹಿಟ್ಟು ಹಾಕಿ ನಾದಿದಳು. ಉಂಡೆ ಕಟ್ಟಿ ಪಾತ್ರೆಯಲ್ಲಿ ಹೊಂದಿಸಿ, ಮೇಲೆ ಟೊಮ್ಯಾಟೊ ರುಬ್ಬಿ ಸುರಿದು ಮುಚ್ಚಳ ಹಾಕಿದಳು. ಎಂಟು ತಾಸು. ಶಾವಿಗೆ ಕೊನೆಯ ಕಾಲು ತಾಸಿಗೆ ಮಾತ್ರ. ಮತ್ತು ಪುಸ್ತಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: ಮುಚ್ಚಳ ತೆಗೆಯಬೇಡಿ, ಒಂದು ಸಲ ತೆಗೆದರೆ ಅರ್ಧ ತಾಸು ಹೆಚ್ಚಾಗುತ್ತದೆ. ಅಷ್ಟು ಹೊತ್ತಿಗಾಗಲೇ ಅವಳ ಕೈ ಎರಡು ಸಲ ಮುಚ್ಚಳದ ಹತ್ತಿರ ಹೋಗಿತ್ತು, ಎರಡು ಸಲವೂ ನಾನು ಕೆಮ್ಮಿದ್ದೆ.

ಹತ್ತಕ್ಕೆ ಓಣಿಯ ಟ್ರಾನ್ಸ್‌ಫಾರ್ಮರ್ ಢಂ ಅಂತು.

ಲೈನ್‌ಮನ್ ಬಂದು ಮೇಲೆ ನೋಡಿ, ನಾಳೆಗೆ ಅಂದ. ಗ್ಯಾಸಿನ ಮೇಲೆ ಇಡು ಅಂದೆ. "ಒಲಿ ಮ್ಯಾಲ ಇಟ್ರ ನಾ ಸೀಸ್ತೀನಿ, ಬಾಯಾರ. ನನಗ ಗೊತ್ತದ, ಅವ್ಗೂ ಗೊತ್ತದ" ಅಂದಳು. ಕೋಟೆಯ ಹತ್ತಿರ ಲತೀಫಾಳ ತಂಗಿಯ ಮನೆಗೆ ಆಟೊದಲ್ಲಿ ಓಡಿದೆವು, ಅಲ್ಲಿ ಕರೆಂಟು ಬರುವುದು ಸಂಜೆ ಐದಕ್ಕೆ. ನಮ್ಮ ಮನೆಯಲ್ಲಿ ಕರೆಂಟಿತ್ತು. ಆದರೆ ನಮ್ಮ ಮನೆಯಲ್ಲಿ ನಮ್ಮ ಅತ್ತೆ ಭಾಗೀರಥಿಬಾಯಿಯವರೂ ಇದ್ದರು.

ಆಗ ದುಂಡಮ್ಮ ಎಸ್‌ಟಿಡಿ ಬೂತಿಗೆ ನುಗ್ಗಿ ಕಮಲಾಪುರದ ಬಸ್ ಸ್ಟ್ಯಾಂಡಿನ ಚಹಾ ಹೋಟೆಲ್ಲಿಗೆ ಫೋನು ಹಚ್ಚಿದಳು. ಹೋಟೆಲಿನ ಪೀರಪ್ಪ ಅವಳ ಜೊತೆ ನಾಲ್ಕನೇ ಇಯತ್ತೆ ಕಲಿತವನು. ಅಲ್ಲಿ ಸಂಜೆ ಆರರವರೆಗೆ ಕರೆಂಟು ಇದೆ ಅಂದ. ಲೆಕ್ಕಾಚಾರ ಅವಳ ತಲೆಯಲ್ಲಿ ಅಲ್ಲೇ ತಯಾರಾಯಿತು: ಈಗ ಹೋಗಿ ಪೀರಪ್ಪನ ಹೋಟೆಲಿನಲ್ಲಿ ಬೇಯಿಸುವುದು, ನಾಲ್ಕಕ್ಕೆ ಅಣ್ಣ ಹತ್ತುವ ಬಸ್ಸಿನಲ್ಲೇ ಹಿಂದಿನ ಸೀಟಿನಲ್ಲಿ ಮುಸುಕು ಹಾಕಿ ಕೂರುವುದು, ಅವನಿಗಿಂತ ಮೊದಲು ಇಳಿದು ಮನೆಗೆ ಓಡಿ ಬಡಿಸುವುದು. ಹೊಸ್ತಿಲು ತುಳಿದಂತಾಗಲಿಲ್ಲ, ಅವನು ಬಾಗಿಲಿಗೆ ಬಂದಂತಾಯಿತು. ಇದಕ್ಕಿಂತ ದೊಡ್ಡ ಹುಚ್ಚು ಯೋಚನೆಯನ್ನು ನಾನು ಕೇಳಿಲ್ಲ. ಬರುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ, ನಾನೂ ಬರುತ್ತೇನೆ ಎಂದುಬಿಟ್ಟೆ.

ಅಣ್ಣ ಮುಂಚೆಯೇ ಬಂದರೆ ಹಿಡಿದು ಕೂರಿಸಲು ಚಂದ್ರಶಾನನ್ನು ಬಾಗಿಲಲ್ಲಿ ನಿಲ್ಲಿಸಿ, ಮುಚ್ಚಳವನ್ನು ದಾರದಿಂದ ಬಿಗಿದು, ಪಾತ್ರೆಗೆ ದಪ್ಪ ಕೌದಿ ಸುತ್ತಿ ಹೊರಟೆವು. ಬಸ್ಸಿನಲ್ಲಿ ದುಂಡಮ್ಮ ಅದನ್ನು ತೊಡೆಯ ಮೇಲೆ ಅಪ್ಪಿಕೊಂಡು ಕುಳಿತಳು. ಪಕ್ಕದ ಮುದುಕಿ ಸ್ವಲ್ಪ ಹೊತ್ತು ನೋಡಿ, ಇಂಥ ಸೆಖೆಯಲ್ಲಿ ಕೂಸಿನ ಮುಖ ಮುಚ್ಚಿದ್ದೀಯಲ್ಲ, ಕೌದಿ ಸರಿಸು ಎಂದು ಬೈದಳು. ದುಂಡಮ್ಮ ಗಂಭೀರವಾಗಿ, "ತೆಗೀಬಾರದಬೇ, ಅರ್ಧ ತಾಸು ಹೆಚ್ಚಾಗ್ತದ" ಅಂದಳು. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಕೂಸು ಬೆಳ್ಳುಳ್ಳಿಯ ವಾಸನೆ ಹೊಡೆಯತೊಡಗಿದ ಮೇಲೆ ಮುದುಕಿ ಮತ್ತೇನೂ ಕೇಳಲಿಲ್ಲ, ಕಿಟಕಿಯ ಕಡೆ ಸರಿದು ಕುಳಿತಳು.

ಒಂದು ಗಂಟೆಗೆ ಕಮಲಾಪುರ. ಪೀರಪ್ಪನ ಹೋಟೆಲಿನಲ್ಲಿ ಇದ್ದದ್ದು ಒಂದೇ ಪ್ಲಗ್ಗು, ಅದರಲ್ಲಿ ಟೇಪ್‌ರೆಕಾರ್ಡರು ಹಾಡುತ್ತಿತ್ತು. ಅದನ್ನು ಕಿತ್ತು ನಮ್ಮ ಪಾತ್ರೆಯನ್ನು ಚುಚ್ಚಿ, ಗುಂಡಿಯನ್ನು ಜೋರಿಗೆ ತಿರುಗಿಸಿದೆವು, ಜೋರಿಗಿಟ್ಟರೆ ಅರ್ಧ ಹೊತ್ತು ಸಾಕು ಎಂದು ಪುಸ್ತಿಕೆಯಲ್ಲಿತ್ತು. ಹಾಡು ನಿಂತಿತೆಂದು ಗಿರಾಕಿಗಳು ಗೊಣಗಿದರು. ಎರಡೂವರೆಗೆ ವಾಸನೆ ಎದ್ದಿತು, ಗೊಣಗುವವರು ಬೆಂಚು ಹತ್ತಿರ ಎಳೆದುಕೊಂಡರು. ದುಂಡಮ್ಮ ಮಾತ್ರ ಎರಡು ಕೈಗಳನ್ನೂ ತೊಡೆಯ ಕೆಳಗೆ ಒತ್ತಿಕೊಂಡು, ಬಾಯಿ ಬಿಗಿದು, ಗಾಜಿನ ಮುಚ್ಚಳವನ್ನೇ ನೋಡುತ್ತಿದ್ದಳು. ಹೊರಗೆ ಹಾಯುವವರಲ್ಲಿ ಅರ್ಧ ಮಂದಿ ಅವಳ ಬಾಲ್ಯದ ಪರಿಚಯದವರು. ಒಬ್ಬರನ್ನೂ ಅವಳು ಮಾತಾಡಿಸಲಿಲ್ಲ.

ಮೂರೂವರೆಗೆ ಶಾವಿಗೆ ಹಾಕಿದಳು. ಮೂರೂ ಮುಕ್ಕಾಲಿಗೆ, ಹೊಸ ಧೋತರ ಉಟ್ಟು, ಕೈಯಲ್ಲಿ ಕೆಂಪು ಬಾಳೆಹಣ್ಣಿನ ಚೀಲ ಹಿಡಿದು, ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಚಹಾ ಕುಡಿಯಲು ಕಾಶಿರಾಯ ಒಳಗೆ ಬಂದ. ನಮ್ಮ ಹುಚ್ಚು ಯೋಚನೆಯಲ್ಲಿ ಇದೊಂದು ಇರಲಿಲ್ಲ.

ಅಣ್ಣ ತಂಗಿ ಒಬ್ಬರನ್ನೊಬ್ಬರು ನೋಡಿದರು. ಅವನ ತಲೆ ಬೆಳ್ಳಗಾಗಿತ್ತು, ಅದು ಅವಳಿಗೆ ಗೊತ್ತಿರಲಿಲ್ಲ.

"ನೀ ಇಲ್ಲಿ ಏನ್ ಮಾಡಾಕತ್ತಿ?" ಅಂದ.

"ನಿನಗ ಅಡಗಿ ಮಾಡಾಕತ್ತೀನಿ. ನೀ ಬಸ್ಸಿಗಿ ಹೋಗು, ನಾ ಹಿಂದಿಂದ ಬರ್ತೀನಿ" ಅಂದಳು, ಇದಕ್ಕಿಂತ ಸರಳವಾದ ಮಾತು ಲೋಕದಲ್ಲಿ ಇಲ್ಲ ಎಂಬಂತೆ.

ಅವನು ಹೋಗಲಿಲ್ಲ. ಬೆಂಚಿನ ಮೇಲೆ ಕುಳಿತು, ಮುಚ್ಚಳ ತೆಗೆ ಅಂದ. ಅವಳು ನನ್ನ ಮುಖ ನೋಡಿದಳು. ಗಡಿಯಾರ ನೋಡಿ ಹೂಂ ಅಂದೆ. ಉಗಿ ಏರಿತು. ಕಾಶಿರಾಯ ಚಮಚವನ್ನು ನೇರ ತಳಕ್ಕೆ ಇಳಿಸಿ ಕೆರೆದು ನೋಡಿದ. ಗಿರಾಕಿಗಳೆಲ್ಲ ಬಗ್ಗಿ ನೋಡಿದರು. ಚಮಚದಲ್ಲಿ ಕೆಂಪು ಸಾರು ಬಂತು, ಒಂದು ಕರಿ ಚುಕ್ಕೆ ಇಲ್ಲ. ಪೀರಪ್ಪ ಕೊಟ್ಟ ಚಹಾ ಬಸಿಯಲ್ಲಿ ಅವಳು ಒಂದು ಉಂಡೆ, ನಾಲ್ಕು ಎಳೆ ಶಾವಿಗೆ ಹಾಕಿ ಕೊಟ್ಟಳು. ಅವನು ತಿಂದ. ಅವಸರವಿಲ್ಲದೆ, ಬೇಕೆಂದೇ ನಿಧಾನವಾಗಿ ತಿಂದ. ಎದ್ದು ಒಂದು ಗುದ್ದಲೇ ಅನ್ನಿಸಿತು ನನಗೆ. ಆಮೇಲೆ ಬಸಿಯನ್ನು ಮುಂದೆ ಚಾಚಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಇನ್ನಟು ಹಾಕು, ತಂಗಿ. ಆವತ್ತು ಮಂದಿ ಮುಂದ ನಾ ಆಡಿದ್ದು ತಪ್ಪು."

ದುಂಡಮ್ಮನಿಗೆ ಹಾಕಲು ಆಗಲಿಲ್ಲ, ಕಣ್ಣು ಕಾಣುತ್ತಿರಲಿಲ್ಲ. ಆದರೂ ಹಟ ನೋಡಿ, ಇದು ಪೀರಪ್ಪನ ಬಾಗಿಲು, ನನ್ನ ಬಾಗಿಲಲ್ಲ, ನನ್ನ ಬಾಗಿಲಿಗೆ ಬಾ ಎಂದು ಬಿಕ್ಕುತ್ತಲೇ ವಾದ ಹೂಡಿದಳು. ಕಾಶಿರಾಯ ಪ್ಲಗ್ಗು ಕಿತ್ತ, ಪಾತ್ರೆಗೆ ಕೌದಿ ಸುತ್ತಿದ, ಎತ್ತಿ ಬಗಲಲ್ಲಿ ಇಟ್ಟುಕೊಂಡು ಹೊರಗೆ ನಡೆದೇಬಿಟ್ಟ, ಬಸ್ಸಿನ ಕಡೆಗಲ್ಲ, ತನ್ನ ಮನೆಯ ಕಡೆಗೆ.

"ಏ ಅಣ್ಣಾ, ಅದು ಲತೀಫಾಂದದ, ಕೊಡು" ಎಂದು ದುಂಡಮ್ಮ ಓಡಿದಳು. ಅವನು ಹೆಜ್ಜೆ ಬೀಸಿದ. ಅವಳ ಹಿಂದೆ ನಾನು, ನನ್ನ ಹಿಂದೆ ಬಾಳೆಹಣ್ಣಿನ ಚೀಲ ಹಿಡಿದ ಪೀರಪ್ಪ, ಅವನ ಹಿಂದೆ ಎರಡು ಬೆಂಚಿನ ಗಿರಾಕಿಗಳು. ಬೀದಿಯವರು ಯಾರ ಮೆರವಣಿಗೆ ಎಂದು ಕೇಳುತ್ತಿದ್ದರು. ಕಾಶಿರಾಯ ತನ್ನ ಮನೆಯೊಳಗೆ ಹೋಗಿ ಪಾತ್ರೆಯನ್ನು ಪಡಸಾಲೆಯ ನಡುವೆ ಇಟ್ಟ. ಹಿಂದೆಯೇ ನುಗ್ಗಿದ ದುಂಡಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿದಳು, ಆಮೇಲೆ ತಾನು ಎಲ್ಲಿ ನಿಂತಿದ್ದೇನೆ ಎಂದು ನೋಡಿದಳು.

ಅತ್ತಿಗೆ ಶಂಕ್ರಮ್ಮ ಒಳಗಿನಿಂದ ನೀರಿನ ತಂಬಿಗೆ ತಂದು ಅವಳ ಎದುರಿಗಿಟ್ಟಳು. ದುಂಡಮ್ಮ ಪಾತ್ರೆ ಕೆಳಗಿಟ್ಟು ಜೋರಾಗಿ ಅತ್ತಳು, ಅಳುತ್ತಾ ನಕ್ಕಳು, ನಗುತ್ತಾ ಒಂಬತ್ತು ವರ್ಷದ ಮಾತನ್ನೆಲ್ಲ ಒಂದೇ ಉಸಿರಿಗೆ ಶುರು ಮಾಡಿದಳು. ಉಂಡೆ ಎಷ್ಟು ಹೊತ್ತು ಕಾದರೂ ಸೀಯುವ ಭಯವಿರಲಿಲ್ಲ. ನಾನು ಎರಡು ಬಾಳೆಹಣ್ಣು ತಿಂದು ಆರರ ಬಸ್ಸಿಗೆ ಒಬ್ಬಳೇ ಕಲಬುರಗಿಗೆ ಬಂದೆ, ದಾರಿಯುದ್ದಕ್ಕೂ ಒಬ್ಬಳೇ ನಗುತ್ತಾ.

ಸೋಮವಾರ ದುಂಡಮ್ಮ ಕೆಲಸಕ್ಕೆ ಬರಲಿಲ್ಲ. ಪ್ರಾರ್ಥನೆಯ ಗಂಟೆಯನ್ನು ನಾನೇ ಹೊಡೆದೆ. ಆಯಾ ಎಲ್ಲಿ ಎಂದು ಹೆಡ್‌ಮಿಸ್ಟ್ರೆಸ್ ಸಿಡುಕಿದರು. ಇಡೀ ಅಂಗಳಕ್ಕೆ ಕೇಳುವ ಹಾಗೆ ಹೇಳಿದೆ:

"ತವರುಮನಿಗಿ ಹೋಗ್ಯಾಳ್ರೀ."