ಸುತ್ತ ತೋರಸು

ಅಡರಕಟ್ಟಿಯ ಕಾವೇರಿಗೆ ಟಚ್ ಫೋನು ಬೇಕಾಗಿರಲಿಲ್ಲ. ಅವಳ ಹತ್ತಿರ ಒಂದು ಬಟನ್ ಫೋನಿತ್ತು. ಒಮ್ಮೆ ಚಾರ್ಜಿಗೆ ಹಾಕಿದರೆ ಸಂತೆಯಿಂದ ಸಂತೆಗೆ ಬರುತ್ತಿತ್ತು. ದನದ ಕೊಟ್ಟಿಗೆಯಲ್ಲಿ ಬಿದ್ದರೂ ಸೆರಗಿನಿಂದ ಒರೆಸಿ ಕಿವಿಗಿಟ್ಟುಕೊಂಡರೆ ಸಾಕು, ತವರೂರು ಅಂತೂರ ಬೆಂತೂರದಲ್ಲಿದ್ದ ಅವ್ವನ ದನಿ ಪಕ್ಕದಲ್ಲೇ ಕೂತಂತೆ ಕೇಳುತ್ತಿತ್ತು. ಯಾರ ಉಸಾಬರಿಗೂ ಹೋಗದ, ತನ್ನ ಪಾಡಿಗೆ ತಾನಿದ್ದ ಸಾಮಾನು ಅದು.

ಗಂಡ ಹೊನ್ನೇಶ ಬೆಟಗೇರಿಯಲ್ಲಿ ಆಸೀಮನ ಗ್ಯಾರೇಜಿನಲ್ಲಿ ಬೈಕ್ ರಿಪೇರಿ ಮಾಡುತ್ತಿದ್ದ. ವಾರವೆಲ್ಲ ಅಲ್ಲೇ ಇದ್ದು ಶನಿವಾರ ಸಂಜೆ ಊರಿಗೆ ಬರುವವನು. ಹಾಗೆ ಬಂದ ಒಂದು ಶನಿವಾರ ಹೊಸ ಫೋನಿನ ಡಬ್ಬಿ ತಂದು ಅವಳ ಕೈಗಿಟ್ಟ. "ನಿನಗಂತನs ತಂದೀನಿ. ಮುಖಾ ನೋಡಿ ಮಾತಾಡಬಹುದು," ಎಂದ. ಓಣಿಯವರೆಲ್ಲ ಕಾವೇರಿಯದು ಪುಣ್ಯ ಎಂದರು.

ಅತ್ತೆ ಮಾಳವ್ವ ಪೂಜೆಯಾಗದೆ ಅದನ್ನು ಮುಟ್ಟಗೊಡಲಿಲ್ಲ. "ಗಾಡಿಗೆ ಮಾಡ್ತೀರಿ, ಟ್ರ್ಯಾಕ್ಟರಿಗೆ ಮಾಡ್ತೀರಿ, ಇದೇನ್ ಪಾಪ ಮಾಡೇತಿ?" ಎಂದು ದೇವರ ಜಗಲಿಯ ಮೇಲಿಟ್ಟು, ಧಾರಾಳವಾಗಿ ಭಂಡಾರದ ಅರಿಶಿನ ಹಚ್ಚಿ, ಕುಂಕುಮವಿಟ್ಟು, ಕಾಯಿ ಒಡೆದು ಅದರ ನೀರು ಚಿಮುಕಿಸಿದಳು. ಗಾಲಿಯಿಲ್ಲದ ಸಾಮಾನಿಗೆ ನಿಂಬೆಹಣ್ಣು ಎಲ್ಲಿಡಬೇಕೆಂಬುದು ಮಾತ್ರ ತಿಳಿಯಲಿಲ್ಲ. ಕಡೆಗೆ ಮಗನ ಕಾಲಡಿಗೇ ಇಟ್ಟು ತುಳಿಸಿದಳು. ಭಂಡಾರವೂ ಕಾಯಿನೀರೂ ಸೇರಿ, ಕಿವಿಗಿಟ್ಟುಕೊಳ್ಳುವ ಕಡೆಯಿದ್ದ ಸಣ್ಣ ಸೀಳಿನಲ್ಲಿ ಹಿಟ್ಟಿನಂತೆ ಕಲಸಿಕೊಂಡು ಒಣಗಿಹೋಯಿತು. ಅಂದಿನಿಂದ ಆ ಫೋನು ಕಿವಿಗೆ ಮೂಕ. ಸ್ಪೀಕರ್ ಹಚ್ಚಿದರಷ್ಟೇ ಮಾತು.

ಇದನ್ನು ಹೇಳಿದರೆ ಹೊನ್ನೇಶ, "ನೀ ಹಿಟ್ಟಿನ ಕೈಲೆ ಮುಟ್ಟಿರ್ತಿ," ಎಂದುಬಿಟ್ಟ.

ಹಿಟ್ಟಿನ ಕೈ ಅದಕ್ಕೆ ಆಗದು ಎನ್ನುವುದು ನಿಜವೇ. ಒದ್ದೆ ಕೈಯೂ ಆಗದು. ಸಗಣಿ ಕೈಯಂತೂ ದೂರವೇ ಉಳಿಯಿತು. ದಿನವೆಲ್ಲ ಈ ಮೂರರಲ್ಲಿ ಒಂದಲ್ಲ ಒಂದು ಕೈಯಲ್ಲಿ ಬದುಕುವ ಹೆಂಗಸಿಗೆ ಯಾವ ಪುಣ್ಯಾತ್ಮ ಇಂಥ ಫೋನು ಮಾಡಿದನೋ ಎಂದು ಅವಳು ಬೆರಗಾಗುತ್ತಿದ್ದಳು. ಕರೆಂಟು ಬಂದಾಗ ಬೀಸುವ ಗಿರಣಿಗೆ ಓಡಬೇಕೋ, ಫೋನನ್ನು ಚಾರ್ಜಿಗೆ ಹಾಕಬೇಕೋ? ಮಧ್ಯಾಹ್ನಕ್ಕೆ ಅದು ಜ್ವರ ಬಂದ ಕೂಸಿನಂತೆ ಕಾಯುತ್ತಿತ್ತು. ನೀರಿನ ಗಡಿಗೆಯ ನೆರಳಿಗೆ ಒಯ್ದು ಮಲಗಿಸಬೇಕು. ಎಮ್ಮೆಯಾದರೆ ಇಷ್ಟು ಚಾಕರಿಗೆ ಹಾಲಾದರೂ ಕೊಡುತ್ತಿತ್ತು.

ಕೊಟ್ಟದ್ದು ಗಂಡನ ಮುಖ. ಅದೂ ಸರಿಯಾಗಿ ರೊಟ್ಟಿ ಬಡಿಯುವ ಹೊತ್ತಿಗೆ. ತಟ್ಟೆಯಲ್ಲಿ ರೊಟ್ಟಿ, ಹೆಂಚಿನ ಮೇಲೊಂದು ರೊಟ್ಟಿ, ಫೋನು ಬಡಕೊಳ್ಳುತ್ತಿತ್ತು. ಕೈ ತೊಳೆದು, ಒರೆಸಿ, ಎತ್ತುವಷ್ಟರಲ್ಲಿ ಹೆಂಚಿನದು ಕರಕಾಗುತ್ತಿತ್ತು.

"ಎತ್ತಾಕ ಇಷ್ಟ್ಯಾಕ ತಡಾ? ಯಾರ ಅದಾರ ಅಲ್ಲೆ? ಸುತ್ತ ತೋರಸು."

ಅವಳು ಫೋನನ್ನು ಸುತ್ತ ತಿರುಗಿಸುತ್ತಿದ್ದಳು. ಒಲೆ, ಹಿಟ್ಟಿನ ಡಬ್ಬಿ, ಅತ್ತೆ, ಗೋಡೆ. ಸಮಾಧಾನವಾದ ಮೇಲೆ ಅವನು ಇಡುತ್ತಿದ್ದ. ಕರಕಾದ ರೊಟ್ಟಿ ಅವಳ ಪಾಲಿಗೆ.

ಮೆಣಸಿನಕಾಯಿ ಸುಗ್ಗಿ ಬಂತು. ಓಣಿಯ ಹೆಂಗಸರು ಕರಿಯವ್ವನ ಕಣದಲ್ಲಿ ಕೆಂಪು ರಾಶಿಯ ಸುತ್ತ ಕೂತು ತೊಟ್ಟು ಬಿಡಿಸುತ್ತಿದ್ದರು. ಕರಿಯವ್ವ ಏನೋ ಅಂದಳು, ಎಲ್ಲರೂ ಬಿದ್ದು ಬಿದ್ದು ನಕ್ಕರು. ಅದೇ ಹೊತ್ತಿಗೆ ಫೋನು ಬಂತು. ಖಾರದ ಕೈಯನ್ನು ಸೀರೆಗೆ ತಿಕ್ಕಿ, ಮೂಗಿಗೆ ಘಾಟು ಬಡಿದು ಸೀನುತ್ತಲೇ ಕಾವೇರಿ ಎತ್ತಿದಳು.

"ರೀ, ಸ್ಪೀಕರಿನ್ಯಾಗ ಐತಿ..." ಎನ್ನುವುದರೊಳಗೆ ಹೊನ್ನೇಶನ ದನಿ ಕಣದ ತುಂಬ ಬಿತ್ತು.

"ಯಾವನ ಜೋಡಿ ಕುಂತು ಹಲ್ಲ ಕಿಸಿಯಾಕತ್ತೀಯಲೇ? ವಿಡಿಯೋ ಹಚ್ಚು. ಸುತ್ತ ತೋರಸು!"

ನಗು ನಿಂತಿತು. ಕಾವೇರಿ ಅಭ್ಯಾಸಬಲದಿಂದ ವಿಡಿಯೋ ಹಚ್ಚಿ ತಿರುಗಿಸಿದಳು. ಒಬ್ಬೊಬ್ಬಳ ಎದುರಿಗೆ ಬಂದಂತೆ ಒಬ್ಬೊಬ್ಬಳೂ ಸೆರಗು ಎಳೆದು ಮುಖ ಮುಚ್ಚಿಕೊಂಡಳು. ಕದ್ದ ಮಾಲು ಹುಡುಕಲು ಬಂದವರ ಮುಂದೆ ನಿಂತಂತೆ.

"ಎಲ್ಲಾ ಹೆಣ್ಮಕ್ಕಳs ಅದಾರ. ಇರ್ಲಿ," ಎಂದು ಅವನು ಇಟ್ಟ.

ಕರಿಯವ್ವ ತೊಟ್ಟು ಮುರಿಯುತ್ತ, "ನಿನ್ನ ಗಂಡ ನಮ್ಮನ್ನೂ ಪಾಸ್ ಮಾಡಿದನವಾ, ಪುಣ್ಯಾ ಬಂತು," ಎಂದಳು. ಯಾರೂ ನಗಲಿಲ್ಲ.

ಆ ಸಂಜೆ ಕಾವೇರಿ ಫೋನನ್ನು ಮುಂದಿಟ್ಟುಕೊಂಡು ಕೂತಳು. ಇದನ್ನು ವಾಪಸು ಕೊಟ್ಟರೆ, ಏನೋ ಮುಚ್ಚಿಡುತ್ತಿದ್ದಾಳೆ ಎಂಬ ಮಾತು ಜೀವಮಾನಕ್ಕೆ ಅಂಟಿಕೊಳ್ಳುತ್ತದೆ. ಇಟ್ಟುಕೊಂಡರೆ ಇದರ ಚಾಕರಿ, ಅವನ ಚಾಕರಿ, ಮೇಲೆ ಇಂಥ ಮರ್ಯಾದೆ. ಎರಡೂ ಬೇಡ. ಫೋನು ಇರಲಿ, ಚಾಕರಿ ಅವನಿಗಿರಲಿ ಎಂದುಕೊಂಡಳು. ಮುಖ ಎರಡೂ ಕಡೆ ಕಾಣುವುದಲ್ಲವೇ?

ಮರುದಿನ ಮನೆಗೆಲಸವನ್ನು ಬೇಗ ಮುಗಿಸಿದಳು. ಗ್ಯಾರೇಜಿನಲ್ಲಿ ಗಿರಾಕಿಗಳು ಮುತ್ತುವ ಹೊತ್ತು ನೋಡಿ ಕೈ ಒಣಗಿಸಿಕೊಂಡು ವಿಡಿಯೋ ಹಚ್ಚಿದಳು. ಬಹಳ ಹೊತ್ತಿನ ಮೇಲೆ ಹೊನ್ನೇಶನ ಗಡ್ಡವೂ ಅರ್ಧ ಮೂಗೂ ಕಂಡವು.

"ಏನಲೇ? ಕೈತುಂಬ ಆಯಿಲ್ ಐತಿ. ಆಮ್ಯಾಲೆ ಮಾಡು."

"ನನ್ನ ಕೈಯಾಗ ಹಿಟ್ಟಿದ್ದಾಗ ನೀವು ಆಮ್ಯಾಲೆ ಅಂದಿರೇನ್ರಿ? ಎತ್ತಾಕ ಇಷ್ಟ್ಯಾಕ ತಡಾ? ಯಾರ ಅದಾರ ಅಲ್ಲೆ? ಸುತ್ತ ತೋರಸ್ರಿ."

ಹಿಂದಿನಿಂದ ಆಸೀಮ ಗೊಳ್ಳೆಂದು ನಕ್ಕ. "ತೋರ್ಸೋ ಹೊನ್ನ್ಯಾ! ಸಲಾಂ ಭಾಭಿ, ನಾ ಅದೀನ್ರಿ, ಈ ಬೈಕಿನವರು ಇಬ್ಬರು ಅದಾರ, ಮತ್ತ ಯಾರೂ ಇಲ್ಲ!"

ಹೊನ್ನೇಶನೂ ನಕ್ಕ. ಅದು ಮೊದಲ ದಿನ. ಎರಡನೆಯ ದಿನ ನಗಲಿಲ್ಲ. ಅವನು ಎತ್ತದಿದ್ದರೆ ಎತ್ತುವ ತನಕ ಮಾಡುತ್ತಿದ್ದಳು. ಖಾನಾವಳಿಯಲ್ಲಿ ಹಿಡಿದಳು.

"ಆ ಬಳಿ ಸಪ್ಪಳ ಯಾರದ್ರಿ?"

"ಖಾನಾವಳಿ ಸಾವಿತ್ರೆವ್ವಲೇ! ನಮ್ಮವ್ವನ ವಾರಿಗಿಯಾಕಿ!"

"ಹೌದೋ ಅಲ್ಲೋ ನಾನs ನೋಡ್ತೀನಿ. ತೋರಸ್ರಿ."

ತೆರೆಯ ಮೇಲೆ ಬೆವೆತ ಮುದಿ ಮುಖವೊಂದು ಕಂಡಿತು. "ರೊಟ್ಟಿ ಬಡಿಯೋ ಮುಂದ ಇದನ್ಯಾಕ ನನ್ನ ಮಾರಿಗೆ ಹಿಡಿತೀಯೋ ಹುಚ್ಚಪ್ಪಾ?" ಎಂದು ಆಕೆ ಬೈದಳು. ಕಾವೇರಿಗೆ ಚುಳಕ್ಕೆಂದಿತು. ತಾನು ಗುರಿಯಿಟ್ಟದ್ದು ಆಕೆಗಲ್ಲ. ಅಂದಿನಿಂದ ಊಟದ ಹೊತ್ತು ಬಿಟ್ಟುಕೊಟ್ಟಳು. ಉಳಿದದ್ದನ್ನು ಬಿಡಲಿಲ್ಲ. ಚಹಾದ ಅಂಗಡಿಯ ಮುಂದೆ, ಬಿಚ್ಚಿದ ಎಂಜಿನ್ನಿನ ಮುಂದೆ, ಗಿರಾಕಿ ಬೈಯುತ್ತಿದ್ದಾಗ, ಎಲ್ಲೆಲ್ಲೂ ಅದೇ ಮಾತು. ಗ್ಯಾರೇಜಿನ ಹುಡುಗರು ಫೋನು ರಿಂಗಾದೊಡನೆ "ಸುತ್ತ ತೋರಸ್ರೀ" ಎಂದು ರಾಗ ಎಳೆಯತೊಡಗಿದರು. ಒಂದು ದಿನ ಅವನು ಯಾರದೋ ಬೈಕಿನ ಹಳೆಯ ಆಯಿಲ್ ಇಳಿಸಿ, ಹೊಸದು ಹಾಕುವುದನ್ನೇ ಮರೆತು ಆಸೀಮನಿಂದ ಬೈಸಿಕೊಂಡ. ಆ ಬೈಗುಳವನ್ನು ಕಾವೇರಿ ಫೋನಿನಲ್ಲೇ ಪೂರ್ತಿ ಕೇಳಿದಳು. ಅಂದು ಊಟ ರುಚಿಯಾಗಿತ್ತು.

ಶನಿವಾರ ಅವನು ಚಪ್ಪಲಿ ಬಿಡುವ ಮೊದಲೇ ಕೈ ಚಾಚಿದ. "ತಾ ಇಲ್ಲೆ ಫೋನು. ನಿನಗ ಬಟನ್ ಫೋನs ಲಾಯಕ್ಕು."

"ಕೊಡಂಗಿಲ್ರಿ."

"ಮತ್ತ ಏನ್ ಮಾಡಬೇಕಂತಿ?"

"ಕಣದಾಗ ಅಂದದ್ದನ್ನ ಕಣಕ್ಕ ಬಂದು ವಾಪಸ್ ತಗೋರಿ."

"ಆ ಹೆಣ್ಮಕ್ಕಳ ಮುಂದ?"

"ಅಂದದ್ದೂ ಅವರ ಮುಂದs ಅಲ್ರಿ? ಒಲ್ಲೆ ಅಂದ್ರ ಬಿಡ್ರಿ. ಸೋಮವಾರ ಗ್ಯಾರೇಜಿನಾಗ ಸಿಗೂಣು."

ಅವನು ತಾಯಿಯ ಕಡೆ ನೋಡಿದ. ಮಾಳವ್ವ ಬತ್ತಿ ಹೊಸೆಯುತ್ತಿದ್ದವಳು ತಲೆಯೆತ್ತಲಿಲ್ಲ. "ಹೋಗಿ ಬಾರಪ್ಪಾ. ನಿಮ್ಮಪ್ಪಗ ಫೋನ್ ಇರಲಿಲ್ಲ. ಬಾಗಲದಾಗ ನಿಂತು ಕೇಳ್ತಿದ್ದ, ಎಲ್ಲಿಗೆ ಹೋಗಿದ್ದಿ, ಯಾರ ಜೋಡಿ ಮಾತಾಡಿದಿ ಅಂತ. ನಾ ಒಂದಿನಾನೂ ತಿರಿಗಿ ಕೇಳಲಿಲ್ಲ," ಎಂದಳು.

ಭಾನುವಾರ ಅವನು ಕಣಕ್ಕೆ ಬಂದ. ಹೆಂಗಸರು ತಲೆ ಬಗ್ಗಿಸಿ ತೊಟ್ಟು ಬಿಡಿಸುತ್ತಲೇ ಇದ್ದರು. ಕೂರಲು ಯಾರೂ ಹೇಳಲಿಲ್ಲ.

"ಬಾರಪ್ಪಾ," ಎಂದಳು ಕರಿಯವ್ವ. "ಎಲ್ಲಾರೂ ಅದೀವಿ. ಚೊಲೋತ್ನಾಗಿ ನೋಡ್ಕೋ."

ಅವನು ಗಂಟಲು ಸರಿಮಾಡಿಕೊಂಡ. ಘಾಟಿಗೆ ಕೆಮ್ಮು ಬಂತು. ಕೆಮ್ಮಿ ಮುಗಿಯುವ ತನಕ ಎಲ್ಲರೂ ಕಾದರು. "ಅವತ್ತು ಅಂದದ್ದು... ತಪ್ಪಾತು."

"ರಾಶಿಗೆ ಹೇಳಾಕತ್ತೀಯೇನು? ಆಕಿಗೆ ಹೇಳು."

ಕಾವೇರಿಯ ಕಡೆ ತಿರುಗಿ ಇನ್ನೊಮ್ಮೆ ಹೇಳಿದ. ಅವಳು ಕೈಯಲ್ಲಿದ್ದ ಕಾಯಿಯ ತೊಟ್ಟು ಮುರಿದು, "ಆತ್ರಿ," ಎಂದಳು. ನಗಲಿಲ್ಲ. ನಗು ಕೊಟ್ಟರೆ ಎಲ್ಲವನ್ನೂ ಕೊಟ್ಟಂತಾಗುತ್ತಿತ್ತು.

ಸೋಮವಾರ ಬಸ್ಸಿಗೆ ಹೊರಟವನು ಬಾಗಿಲಲ್ಲಿ ನಿಂತು ಕೇಳಿದ: "ಇನ್ನ ಮಾಡಂಗಿಲ್ಲಲಾ?"

"ನೋಡೂಣ್ರಿ."

ಅಂದು ಅವಳು ಮಾಡಲಿಲ್ಲ. ಮರುದಿನವೂ ಇಲ್ಲ. ಫೋನನ್ನು ಒರೆಸಿ, ಚಾರ್ಜು ಮಾಡಿ ತನ್ನ ಹತ್ತಿರವೇ ಇಟ್ಟುಕೊಂಡಳು. ವಾರ ಅರ್ಧ ಕಳೆದ ಮೇಲೆ ಅವನದೇ ಬಂತು, ವಿಡಿಯೋ ಅಲ್ಲ, ಬರೀ ದನಿ.

"ಯಾಕ ಫೋನ್ ಮಾಡಲಿಲ್ಲಲೇ? ರಿಂಗಾದಾಗೊಮ್ಮೆ ಎದಿ ಧಸಕ್ ಅಂತೈತಿ. ನೋಡಿದ್ರ ಯಾವನೋ ಗಿರಾಕಿ ಇರ್ತಾನ. ಮಾಡೂದಿದ್ರ ಮಾಡಿಬಿಡು ಮಾರಾಯ್ತಿ."

ಈ ಫೋನನ್ನು ವಾಪಸು ಕೊಡುವ ವಿಚಾರ ಇನ್ನು ಮನಸ್ಸಿಗೆ ಬಾರದು ಎಂದು ಕಾವೇರಿಗೆ ಆಗ ಖಾತ್ರಿಯಾಯಿತು.

"ಕೆಲಸ ಐತ್ರಿ," ಎಂದಳು. "ಇಡ್ತೀನಿ."